ಇಪ್ಪತ್ತನಾಲ್ಕರಲ್ಲೊಂದು ಪಾಲು ನಿಜ

ಹಲ್ಲಣ್ಣನಿಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವನ ಜೊತೆ ಐದು ನಿಮಿಷ ಮಾತಾಡಿದವರು ಯಾರೂ ಇದನ್ನು ನಂಬುವುದಿಲ್ಲ. ದಾರಿಯಲ್ಲಿ ಕಾರು ನಿಲ್ಲಿಸಿಕೊಂಡವರ ಹತ್ತಿರ ಹೋಗಿ, ನಿಮ್ಮ ಹಿಂದಿನ ದೀಪದ ಗಾಜು ಈ ಗಾಡಿಯದ್ದಲ್ಲ, ಎರಡು ವರ್ಷ ಈಚಿನ ಗಾಡಿಯದ್ದು, ಯಾರೋ ನಿಮಗೆ ಟೋಪಿ ಹಾಕಿದ್ದಾರೆ ಎಂದು ತಿಳಿಸಿ, ಅವರ ಬೆಳಗಿನ ಸಮಾಧಾನ ಕೆಡಿಸಿ, ಆಮೇಲೆ ಬಸ್ಸು ತಪ್ಪೀತೆಂದು ಓಡುವ ಪೈಕಿ ಅವನು.

ಹೊಟ್ಟೆಪಾಡಿಗೆ ಅವನು ಕಟ್ಟುಹಲ್ಲು ಮಾಡುತ್ತಾನೆ. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಮೂರನೆಯ ಮಹಡಿಯಲ್ಲಿ, ಕಿಟಕಿಯಿಲ್ಲದ ಒಂದು ಲ್ಯಾಬಿನಲ್ಲಿ ಕೂತು ಇವನು ಮೇಣ ಕೆತ್ತಿ, ಹಲ್ಲು ಕೂರಿಸಿ, ವಸಡಿಗೆ ಗುಲಾಬಿ ಬಣ್ಣ ಬೆರೆಸುತ್ತಾನೆ. ಅವನ ಹಲ್ಲಿನಿಂದ ನಗುವವರು ಊರಲ್ಲಿ ನೂರಾರು ಜನ; ಅವರಲ್ಲಿ ಒಬ್ಬರ ಮುಖವನ್ನೂ ಅವನು ನೋಡಿಲ್ಲ. ಬೀದಿಯವರು ಅವನನ್ನು ಹಲ್ಲಿನ ಡಾಕ್ಟರೆಂದೇ ತಿಳಿದು, ಗೇಟಿನ ಬಳಿ ಹಿಡಿದು ನಿಲ್ಲಿಸಿ ಆ ಎಂದು ಬಾಯಿ ತೆರೆಯುತ್ತಾರೆ. ಲೋಕದ ತಪ್ಪನ್ನೆಲ್ಲ ತಿದ್ದುವ ಈ ಮನುಷ್ಯ ಅದೊಂದು ತಪ್ಪನ್ನು ಮಾತ್ರ ತಿದ್ದಲು ಹೋಗಿಲ್ಲ. ತಲೆ ಓರೆ ಮಾಡಿ ಒಳಗೆ ಇಣುಕಿ, ಉಪ್ಪುನೀರಲ್ಲಿ ಮುಕ್ಕಳಿಸಿ ಎನ್ನುತ್ತಾನೆ.

ಸಂಜೆ ಆರಕ್ಕೆ ಮನೆಗೆ ಬಂದು ಚಹಾ ಕುಡಿದನೆಂದರೆ ಕಾರುಗಳ ಕೋಣೆ. ಎರಡು ಮಲಗುವ ಕೋಣೆಯ ಆ ಮನೆಯಲ್ಲಿ ಬೆಳಕು ಚೆನ್ನಾಗಿ ಬರುವ ಕೋಣೆ ಅದೊಂದೇ, ಅದು ಕಾರುಗಳ ಪಾಲಾಗಿದೆ. ಗೋಡೆಯುದ್ದಕ್ಕೂ ಗಾಜಿನ ಕಪಾಟು, ಒಳಗೆ ಅಂಗೈಯಷ್ಟುದ್ದದ ಅರವತ್ತೆಂಟು ಕಾರು. ಎಲ್ಲ ಇಪ್ಪತ್ತನಾಲ್ಕರಲ್ಲೊಂದು ಪಾಲಿನ ಅಳತೆಯವು; ಎಂದರೆ ನಿಜವಾದ ಕಾರಿನ ಇಪ್ಪತ್ತನಾಲ್ಕು ಅಂಗುಲ ಇಲ್ಲಿ ಒಂದು ಅಂಗುಲ. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಕತ್ತರಿಸಿ, ಅರದಿಂದ ಉಜ್ಜಿ, ಅಸ್ತರಿನ ಬಣ್ಣ ಊದಿ, ಒಣಗಿಸಿ, ಮತ್ತೆ ಉಜ್ಜಿ, ಮತ್ತೆ ಊದಿ, ಮನುಷ್ಯನ ತಾಳ್ಮೆಗೂ ಒಂದು ಮಿತಿ ಬೇಡವೇ ಎನ್ನಿಸುವಷ್ಟು ಹೊತ್ತು ಅದೇ ಕೆಲಸ. ಎಂಜಿನ್ನಿನಿಂದ ಹೊರಡುವ ತಂತಿಗೆ ಹಳೆಯ ಟೆಲಿಫೋನ್ ವೈರಿನ ಒಂದು ಎಳೆ. ಕಾಲಡಿಯ ಕಾರ್ಪೆಟ್ಟಿಗೆ ಅಂಟು ಸವರಿ ಮೇಲೆ ಉದುರಿಸಿದ ಬಟ್ಟೆಯ ಪುಡಿ. ಇಷ್ಟೆಲ್ಲ ಮಾಡಿ ಬಾನೆಟ್ ಮುಚ್ಚಿಬಿಟ್ಟರೆ ಆ ತಂತಿ ಯಾರಿಗೂ ಕಾಣುವುದಿಲ್ಲ. ಕಾಣದಿದ್ದರೂ ಸರಿಯಿರಬೇಕು, ಸುಳ್ಳು ಹೇಳುವ ಕಾರು ನನ್ನ ಕೈಯಿಂದ ಆಗುವುದಿಲ್ಲ ಎಂದು ಹಲ್ಲಣ್ಣ ಸಣ್ಣ ಕಾರು ಕಟ್ಟುವವರ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದ್ದುಂಟು. ಅದೇ ದಿನ ಲ್ಯಾಬಿಗೆ ಜ್ವರ ಎಂದೂ ಮನೆಗೆ ಓವರ್‌ಟೈಮ್ ಎಂದೂ ಹೇಳಿ ಅವನು ಆ ಸಭೆಗೆ ಬಂದಿದ್ದ.

ಅವನ ಹೆಂಡತಿ ಅಂಚೆ ಕಚೇರಿಯಲ್ಲಿ ಗುಮಾಸ್ತೆ. ದಿನವಿಡೀ ಜನರ ತಪ್ಪು ವಿಳಾಸ ಓದಿ ಸರಿಯಾದ ಮನೆ ಹುಡುಕುವ ಹೆಂಗಸಿಗೆ ಗಂಡನ ಜ್ವರ ಯಾವುದು, ಓವರ್‌ಟೈಮ್ ಯಾವುದು ಎಂದು ಗೊತ್ತಾಗದೆ ಇರುತ್ತದೆಯೇ. ಗೊತ್ತಿದ್ದೂ ಸುಮ್ಮನಿದ್ದಳು. ಅವಳಿಗೆ ಗಂಡನ ಮೇಲೆ ಸಿಟ್ಟಿದ್ದದ್ದು ಒಂದೇ ವಿಷಯಕ್ಕೆ, ಅದು ಮಾವನ ವಿಷಯ.

ಮಾವ ಎಂದರೆ ಹಲ್ಲಣ್ಣನ ಅಪ್ಪ, ಊರಿಗೇ ಡ್ರೈವಿಂಗ್ ಮೇಷ್ಟ್ರು. ಆರಡಿ ಎರಡಂಗುಲದ ಆಳು. ನಲವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿ, ಅರ್ಧ ಊರಿಗೆ ಸ್ಟೇರಿಂಗ್ ಹಿಡಿಯುವುದನ್ನು ಬೈದು ಕಲಿಸಿದವರು. ಮೊಣಕಾಲು ಸೋತು ಸ್ಕೂಲು ಮುಚ್ಚಿ, ಮಂಚ ಹಿಡಿದಾಗ ಅವರನ್ನು ಯಾರು ಇಟ್ಟುಕೊಳ್ಳುವುದೆಂಬ ಪ್ರಶ್ನೆ ಬಂತು. ಹಿರಿಯ ಮಗ ಹಲ್ಲಣ್ಣನ ಮನೆಯಲ್ಲಿ ಕೋಣೆಯಿತ್ತು. ಆದರೆ ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ ಅಪ್ಪನ ಎದೆಗೆ ವಿಷ ಎಂದು ಹಿರಿಯ ಮಗ ಬಹಳ ಕಳಕಳಿಯಿಂದ ವಿವರಿಸಿದ. ಕಿರಿಯ ಮಗ ಬಸ್ ಕಂಡಕ್ಟರ್. ಅವನ ಮನೆಯಲ್ಲಿ ಕೋಣೆಯಿರಲಿಲ್ಲ. ಹೊರಗಿನ ಹಜಾರದಲ್ಲೇ ಮಂಚ ಹಾಕಿ, ಪರದೆ ಕಟ್ಟಿ, ಅಪ್ಪನನ್ನು ಕರೆದುಕೊಂಡು ಹೋದ. ಏಳು ವರ್ಷದಿಂದ ಅಪ್ಪನಿಗೆ ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಬೈಗುಳ ಕೇಳುವುದು ಎಲ್ಲ ಅವನೇ. ಹಲ್ಲಣ್ಣ ತಿಂಗಳಿಗೊಮ್ಮೆ ಹೋಗಿ, ಅಪ್ಪನ ಹಲ್ಲಿನ ಸೆಟ್ಟನ್ನು ಚೆನ್ನಾಗಿ ಪಾಲಿಶ್ ಮಾಡಿ ಕೊಟ್ಟು ಬರುತ್ತಿದ್ದ.

ಇಲ್ಲಿ ಒಂದು ಡೆಂಟಿನ ಕಥೆ ಹೇಳಬೇಕು. ಹಲ್ಲಣ್ಣ ಅದನ್ನು ಮೂವತ್ತೊಂದು ವರ್ಷದಿಂದ ಯಾರಿಗೂ ಹೇಳಿಲ್ಲ, ಆದ್ದರಿಂದ ನಾವೇ ಹೇಳಬೇಕು.

ಆಗ ಅವನಿಗೆ ಇಪ್ಪತ್ತಮೂರು, ತಮ್ಮನಿಗೆ ಹತ್ತೊಂಬತ್ತು. ತಮ್ಮನಿಗೆ ಗಾಡಿಯ ಹುಚ್ಚು. ನಿಂತ ಕಾರಿನಲ್ಲಿ ಕೂತು ಗೇರ್ ಹಾಕಿ ನೋಡುತ್ತಿದ್ದವನನ್ನು ಅಪ್ಪ ಮೂರು ಸಲ ಕಿವಿ ಹಿಡಿದು ಎಳೆದಿದ್ದರು. ಅಣ್ಣ ಮಾತ್ರ ತಾನಾಯಿತು ತನ್ನ ಪುಸ್ತಕವಾಯಿತು ಎನ್ನುವ ಸಾಧು. ಆ ಸಾಧು ಒಂದು ಭಾನುವಾರ ಬೆಳಿಗ್ಗೆ, ಅಪ್ಪ ವಾಕಿಂಗ್ ಹೋದದ್ದನ್ನು ನೋಡಿಕೊಂಡು, ಮೊಳೆಗೆ ಸಿಕ್ಕಿಸಿದ್ದ ಬೀಗದಕೈ ತೆಗೆದು ಸ್ಕೂಲಿನ ಕಾರು ಹತ್ತಿದ. ಹಿಂದಕ್ಕೆ ತೆಗೆಯಲು ಹೋಗಿ ಗೇಟಿನ ಕಂಬಕ್ಕೆ ಗುದ್ದಿದ. ಹಿಂದಿನ ಎಡಮೂಲೆಯಲ್ಲಿ, ಬಂಪರಿನ ಮೇಲೆ, ಅಂಗೈಯಗಲದ ಡೆಂಟು. ಕಾರನ್ನು ಹೇಗೋ ಮೊದಲಿದ್ದಲ್ಲಿಗೆ ತಂದು ನಿಲ್ಲಿಸಿ, ಬೀಗದಕೈಯನ್ನು ಮೊಳೆಗೆ ಹಾಕಿ, ಹಾಸಿಗೆಗೆ ಬಂದು ಮುಸುಕೆಳೆದುಕೊಂಡ. ಹೊರಗೆ ಅಪ್ಪನ ಗುಡುಗು, ಆಮೇಲೆ ಬೆಲ್ಟಿನ ಸದ್ದು, ನಾನಲ್ಲ ನಾನಲ್ಲ ಎಂಬ ತಮ್ಮನ ಕೂಗು ಎಲ್ಲವೂ ಮುಸುಕಿನೊಳಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಮುಸುಕು ತೆಗೆಯಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆ ಆರಲೇ ಇಲ್ಲ. ಈ ಜನ್ಮದಲ್ಲಿ ನಿನಗೆ ಸ್ಟೇರಿಂಗ್ ಮುಟ್ಟಿಸುವುದಿಲ್ಲ ಎಂದ ಮೇಷ್ಟ್ರು ಮಾತು ಉಳಿಸಿಕೊಂಡರು. ಲೈಸೆನ್ಸ್ ಕೊಡುವ ಕಚೇರಿಯವರೆಲ್ಲ ಅವರ ಗುರುತಿನವರು; ಮಗ ಅತ್ತ ತಲೆ ಹಾಕುವಂತಿರಲಿಲ್ಲ. ಡ್ರೈವರ್ ಆಗಬೇಕೆಂದಿದ್ದವನು ಕಂಡಕ್ಟರ್ ಆಗಿ, ಇಪ್ಪತ್ತಾರು ವರ್ಷದಿಂದ ಬಸ್ಸಿನ ಹಿಂಬಾಗಿಲಲ್ಲಿ ನಿಂತು ಬೇರೆಯವನಿಗೆ ಹೊರಡು ಎಂದು ಸೀಟಿ ಊದುತ್ತಿದ್ದಾನೆ. ಮನೆಮಂದಿ ಸೇರಿದಾಗೆಲ್ಲ ಅವನು ಎದ್ದು ಹೊರಟರೆ ಯಾರಾದರೊಬ್ಬರು "ಗೇಟು ಹುಷಾರಪ್ಪ" ಎನ್ನಬೇಕು, ಎಲ್ಲರೂ ನಗಬೇಕು. ಹೇಳಲು ನಾಚಿಕೆಯಾಗುತ್ತದೆ, ಎಷ್ಟೋ ಸಲ ಆ ಮಾತನ್ನು ಮೊದಲು ಆಡುತ್ತಿದ್ದವನು ಹಲ್ಲಣ್ಣನೇ.

ಇನ್ನು ಸಂಘದ ವಿಷಯ. ಸಣ್ಣ ಕಾರು ಕಟ್ಟುವವರ ಆ ಸಂಘದಲ್ಲಿ ಹದಿನಾಲ್ಕು ಸದಸ್ಯರು, ಹದಿನೈದು ಗುಂಪು. ವರ್ಷಕ್ಕೊಂದು ಪ್ರದರ್ಶನ, ಅದರಲ್ಲಿ ಗೆದ್ದವರಿಗೊಂದು ಕಪ್ಪು. ಹನ್ನೊಂದು ವರ್ಷದಿಂದ ಹಲ್ಲಣ್ಣನಿಗೆ ಎರಡನೆಯ ಸ್ಥಾನ, ಇಲ್ಲವೇ ಮೂರನೆಯದು. ತೀರ್ಪುಗಾರ ಒಬ್ಬ ನಿವೃತ್ತ ವಾಚು ರಿಪೇರಿಯವನು, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಸಾವಿಗೂ ಅಂಕ ಕಡಿಮೆ ಕೊಡುವ ಮುದುಕ. ಈ ಸಲ ಅವನು ಹೊಸ ನಿಯಮ ತಂದ: ಯಾವುದೋ ಮಾದರಿಯ ಕಾರು ಕೂಡದು, ಒಂದು ನಿಜವಾದ ಕಾರು, ಒಂದು ನಿಜವಾದ ದಿನ ಹೇಗಿತ್ತೋ ಹಾಗೇ ಇರಬೇಕು, ದಿನಾಂಕ ಮತ್ತು ವಿವರವನ್ನು ಕಾರ್ಡಿನಲ್ಲಿ ಬರೆದಿಡಬೇಕು.

ಹಲ್ಲಣ್ಣನಿಗೆ ಅಂಗಿಯ ಜೇಬಿನಷ್ಟು ಹತ್ತಿರದಿಂದ ಗೊತ್ತಿದ್ದ ಕಾರು ಒಂದೇ, ಚೆನ್ನಾಗಿ ನೆನಪಿದ್ದ ದಿನವೂ ಒಂದೇ. ಮೊದಲು ಅವನೂ ಹಿಂಜರಿದ. ಡೆಂಟಿಲ್ಲದ ಬೇರೆ ದಿನದ ಕಾರು ಮಾಡೋಣ ಎಂದುಕೊಂಡ. ಆದರೆ ತಿಕ್ಕಿ ತೊಳೆದ ಕಾರಿಗೆ ಅಂಕ ಬರುವುದಿಲ್ಲ. ತುಕ್ಕು, ಧೂಳು, ಪೆಟ್ಟು ಇದ್ದರೇ ಕೈಚಳಕ ಕಾಣುವುದು. ಡೆಂಟು ತಮ್ಮನದೆಂದು ಲೋಕಕ್ಕೇ ಗೊತ್ತು, ಇನ್ನೇನು ಭಯ ಎಂದು ಧೈರ್ಯ ತಂದುಕೊಂಡ. ನಿಜ ಹೊರಗೆ ಬಿದ್ದರೆ ತಮ್ಮನಿಗೆ ಮುಖ ತೋರಿಸುವ ಹಾಗಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕಪ್ಪಿನ ಆಸೆ ದೊಡ್ಡದಾಯಿತು.

ಎಂಟು ತಿಂಗಳು ಕೆಲಸ ನಡೆಯಿತು. ಕಾರಿನ ಕೆನೆಬಣ್ಣ ಹೊಂದಿಸಲು ಲ್ಯಾಬಿನಿಂದ ಹಲ್ಲಿನ ಬಣ್ಣದ ಮಾದರಿಪಟ್ಟಿ ತಂದ; ಬೀಡಿ ಸೇದುವವರ ಹಲ್ಲಿನ ಬಣ್ಣ ತಾಳೆಯಾಯಿತು. ಕೆಂಪು ಸೀಟಿಗೆ ಯಾರದೋ ವಸಡಿನ ಗುಲಾಬಿಯನ್ನೇ ಗಾಢ ಮಾಡಿ ಬಳಿದ. ಮೇಷ್ಟ್ರ ಕಡೆಗೆ ಇರುವ ಎರಡನೆಯ ಜೊತೆ ಕ್ಲಚ್ಚು ಬ್ರೇಕನ್ನು ಸೂಜಿಯ ತುದಿಯಿಂದ ಮಾಡಿದ. ನಿಜವಾದ ಡೆಂಟು ಒಂದು ಕ್ಷಣದಲ್ಲಿ ಆಗಿತ್ತು; ಇದಕ್ಕೆ ಹನ್ನೊಂದು ಭಾನುವಾರ ಹಿಡಿಯಿತು. ಪ್ಲಾಸ್ಟಿಕ್ಕನ್ನು ದೀಪಕ್ಕೆ ಹಿಡಿದು, ಮೇಣ ಕೆತ್ತುವ ಚಮಚದ ಬೆನ್ನಿನಿಂದ ಒತ್ತಿ, ಕಂಬದ ಸುಣ್ಣ ಮೆತ್ತಿದ್ದ ಜಾಗಕ್ಕೆ ಒಂದು ಬಿಳಿ ಗೀರು ಎಳೆದಾಗ ಅವನ ಕಣ್ಣು ತುಂಬಿ ಬಂತು. ತಮ್ಮನ ನೆನಪಿನಿಂದಲ್ಲ, ಗೀರು ಅಷ್ಟು ಚೆನ್ನಾಗಿ ಬಂದಿತ್ತು.

ಕೊನೆಗೆ ಉಳಿದದ್ದು ಚಾಲಕನ ಸೀಟು. ಅದನ್ನು ನಿಜವಾಗಿಯೂ ಹಿಂದೆ ಮುಂದೆ ಸರಿಯುವಂತೆ, ಹಳಿಗೆ ಒಂಬತ್ತು ಕಚ್ಚು ಕೊರೆದು ಮಾಡಿದ್ದ. ಹಲ್ಲಣ್ಣ ತಾಯಿಯ ಹಾಗೆ ಗಿಡ್ಡ. ಆ ದಿನ ಕಾಲು ಎಟುಕದೆ ಸೀಟನ್ನು ಮುಂದಿನಿಂದ ಮೂರನೆಯ ಕಚ್ಚಿಗೆ ಎಳೆದುಕೊಂಡಿದ್ದ. ಇಳಿಯುವ ಗಾಬರಿಯಲ್ಲಿ ಹಿಂದಕ್ಕೆ ತಳ್ಳಲು ಮರೆತಿದ್ದ. ಮುಸುಕಿನೊಳಗೆ ಅದು ನೆನಪಾಗಿ ಮೈ ಬೆವರಿತ್ತು. ಆದರೆ ಯಾರೂ ಸೀಟಿನ ಮಾತೆತ್ತಲಿಲ್ಲ, ಯಾರೂ ನೋಡಿಲ್ಲ ಎಂದು ಅವನು ತೀರ್ಮಾನಿಸಿದ್ದ. ಈಗ ಚಿಮಟದಲ್ಲಿ ಸೀಟು ಹಿಡಿದು ಸ್ವಲ್ಪ ಹೊತ್ತು ಯೋಚಿಸಿದ. ಬೆಳಿಗ್ಗೆ ಆರು ನಲವತ್ತಕ್ಕೆ ಇದ್ದ ಸೀಟು ಇದ್ದಲ್ಲೇ ಇರಬೇಕು. ಮೂರನೆಯ ಕಚ್ಚಿಗೇ ಕೂರಿಸಿದ.

ಪ್ರದರ್ಶನ ನಡೆದದ್ದು ಗ್ರಂಥಾಲಯದ ಮೇಲಿನ ಹಾಲಿನಲ್ಲಿ, ಮಧ್ಯಾಹ್ನ. ಚಪ್ಪಾಳೆಗೆ ಜನ ಬೇಕಲ್ಲ, ಹಲ್ಲಣ್ಣ ಹೆಂಡತಿಯನ್ನೂ ತಮ್ಮನನ್ನೂ ಕರೆದುಕೊಂಡು ಹೋಗಿದ್ದ. ಕಂಡಕ್ಟರ್ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಮೇಜಿನ ಮೇಲೆ ತನ್ನ ಜೀವನ ಕೆಡಿಸಿದ ಕಾರನ್ನು ಅಂಗೈಯಷ್ಟುದ್ದದಲ್ಲಿ ಕಂಡು, ಅದರ ಹಿಂದಿನ ಮೂಲೆಗೆ ಬಗ್ಗಿ ನೋಡಿದ. ಆಮೇಲೆ ಚೆನ್ನಾಗಿದೆ ಎಂದ. ಆ ಮಾತು ಅವನ ಬಾಯಿಂದ ಹೇಗೆ ಬಂತೋ, ಹಲ್ಲಣ್ಣನ ಜಾಗದಲ್ಲಿ ಬೇರೆ ಯಾರಿದ್ದರೂ ನೆಲ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಿದ್ದರು. ಹಲ್ಲಣ್ಣ ಆ ಗೀರನ್ನು ನೋಡು, ಅದು ಸುಣ್ಣದ್ದು ಎಂದ.

ವಾಚಿನ ಮುದುಕ ಬಂದ. ಭೂತಗಾಜು ಹಾಕಿ ಬಗ್ಗಿದ. ಡೆಂಟು ನೋಡಿ ಹೂಂ ಎಂದ. ಟೈರು ನೋಡಿ ಹೂಂ ಎಂದ. ಕಿಟಕಿಯೊಳಗೆ ಇಣುಕಿ, ಅಳತೆಕಡ್ಡಿ ಇಳಿಬಿಟ್ಟು, ತಲೆಯಾಡಿಸಿದ. ಕಾರಿನ ಯಜಮಾನರು ಆರಡಿ ಎರಡಂಗುಲ ಎಂದು ಕಾರ್ಡಿನಲ್ಲಿ ನೀವೇ ಬರೆದಿದ್ದೀರಿ, ಅಷ್ಟು ಎತ್ತರದವರು ಈ ಸೀಟಿನಲ್ಲಿ ಕೂತರೆ ಮೊಣಕಾಲು ಗಲ್ಲಕ್ಕೆ ಬರುತ್ತದೆ, ಭಾನುವಾರ ಪಾಠವೂ ಇಲ್ಲ, ಗುದ್ದಿದವನು ಕಿರಿಯ ಮಗ ಎಂದೂ ಬರೆದಿದ್ದೀರಿ, ನಿಮ್ಮ ಈ ತಮ್ಮನೂ ಅಷ್ಟೇ ಎತ್ತರ ಎಂದು ಇಲ್ಲೇ ನಿಂತಿರುವುದು ಕಾಣುತ್ತಿದೆ, ಆದ್ದರಿಂದ ಸೀಟು ತಪ್ಪು, ಎರಡು ಅಂಕ ಕಡಿತ ಎಂದ. ಎರಡು ಅಂಕ ಹೋದರೆ ಕಪ್ಪು ಪಕ್ಕದ ಮೇಜಿಗೆ ಹೋಗುತ್ತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ನಾವು ದಡ್ಡ ಎನ್ನುತ್ತೇವೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲಿಲ್ಲ. ಬರೀ ಅಳತೆ ತಪ್ಪು ಎಂದಿದ್ದರು. ಕಳ್ಳ ಎಂದಿದ್ದರೆ ಹಲ್ಲಣ್ಣ ತಡೆದುಕೊಳ್ಳುತ್ತಿದ್ದನೇನೋ; ಅಳತೆ ತಪ್ಪು ಎಂಬ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

"ತಪ್ಪಿಲ್ಲ ಸಾರ್," ಎಂದ, ಹಾಲಿಗೆಲ್ಲ ಕೇಳುವ ಹಾಗೆ. "ಅವತ್ತು ಸೀಟು ಮುಂದಿನಿಂದ ಮೂರನೇ ಕಚ್ಚಲ್ಲೇ ಇತ್ತು. ಅಲ್ಲಿಗೆ ಎಳ್ಕೊಳ್ದೆ ಇದ್ರೆ ನಂಗೆ ಕ್ಲಚ್ಚು ಎಟಕ್ತಾನೇ ಇರ್ಲಿಲ್ಲ."

ಮಾತು ಆಡಿದರೆ ಹೋಯಿತು. ಮುದುಕನಿಗೆ ಬಹಳ ಸಂತೋಷವಾಯಿತು. ಓಡಿಸಿದವನೇ ಸಾಕ್ಷಿ ಹೇಳುತ್ತಿರುವಾಗ ವಾದವೇನು ಎಂದು ಹೊಡೆದ ಅಂಕೆಯನ್ನು ತಿದ್ದಿ ಪೂರ್ತಿ ಅಂಕ ಬರೆದು ಮುಂದಿನ ಮೇಜಿಗೆ ಹೋದ. ಹಲ್ಲಣ್ಣನ ಮುಖದಲ್ಲಿ ಗೆದ್ದ ಬೆಳಕು ಬಂತು, ಇನ್ನೂ ಪೂರ್ತಿ ಬರುವುದರೊಳಗೆ ಹೋಯಿತು. ಹಿಂದೆ ತಮ್ಮ ನಿಂತಿದ್ದ.

"ನಿಂಗೆ ಗಾಡಿ ಓಡ್ಸೋಕೆ ಬರಲ್ವಲ್ಲ ಅಣ್ಣ," ಎಂದ ಕಂಡಕ್ಟರ್.

ಉತ್ತರ ಕೊಟ್ಟದ್ದು ಅವನ ಹೆಂಡತಿ. "ಬರಲ್ಲ. ಅದಕ್ಕೇ ಕಂಬಕ್ಕೆ ಹೋಗಿದ್ದು."

ಕಪ್ಪು ಬಂತು. ಹನ್ನೊಂದು ವರ್ಷ ಕಾದ ಕಪ್ಪನ್ನು ಹಿಡಿದು ತೆಗೆಸಿಕೊಂಡ ಫೋಟೋದಲ್ಲಿ ಹಲ್ಲಣ್ಣ ಹಲ್ಲುನೋವು ಬಂದವನ ಹಾಗೆ ಕಾಣುತ್ತಾನೆ. ಮೂವರೂ ಮೆಟ್ಟಿಲಿಳಿದು ಬಸ್ ಸ್ಟಾಪಿಗೆ ಬಂದರು. ಹಲ್ಲಣ್ಣ ತಾನಾಗಿಯೇ ಶುರುಮಾಡಿದ: ಆಗ ಭಯವಾಗಿತ್ತು, ನಾಳೆ ಹೇಳೋಣ ಎಂದುಕೊಂಡೆ, ನಾಳೆ ಎಂಬುದು ತಿಂಗಳಾಯಿತು, ವರ್ಷವಾಯಿತು, ಆಮೇಲೆ ಹೇಳುವುದೇ ಅಸಭ್ಯ ಎನ್ನಿಸಿತು. ಇದರಲ್ಲಿ ಸುಳ್ಳಿರಲಿಲ್ಲ. ಅಷ್ಟರಮಟ್ಟಿಗೆ ಅದು ಅವನ ಬಾಯಿಂದ ಬಂದ ಮೊದಲನೆಯ ಪೂರ್ತಿ ಅಳತೆಯ ನಿಜ.

ತಮ್ಮ ಕೇಳಿಸಿಕೊಂಡು, ಅಪ್ಪನಿಗೆ ಹೇಳು ಎಂದ.

"ಅಪ್ಪಂಗೆ ವಯಸ್ಸಾಗಿದೆ ಕಣೋ. ಈಗ ಯಾಕೆ?"

"ನಂಗೂ ಆಗಿದೆ," ಎಂದ ತಮ್ಮ.

ಬಸ್ಸು ಬಂತು, ಹತ್ತಿದರು. ಹಲ್ಲಣ್ಣ ಒಂದು ತೊಡೆಯ ಮೇಲೆ ಕಾರಿನ ಗಾಜಿನ ಪೆಟ್ಟಿಗೆ, ಇನ್ನೊಂದರ ಮೇಲೆ ಕಪ್ಪು ಇಟ್ಟುಕೊಂಡು, ಅಪ್ಪನಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಉರು ಹಾಕಿದ. ಬಸ್ಸು ಕುಲುಕಿದಾಗೆಲ್ಲ ಕೈ ತಾನಾಗಿ ಪೆಟ್ಟಿಗೆಯನ್ನು ಅವಚಿಕೊಳ್ಳುತ್ತಿತ್ತು. ಹೆಂಡತಿ ಅದನ್ನು ನೋಡಿ ಕಿಟಕಿಯ ಕಡೆ ತಿರುಗಿದಳು.

ಮೇಷ್ಟ್ರು ಹಜಾರದ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಕಿರಿಯ ಮಗನನ್ನು ಕಂಡ ಕೂಡಲೇ, ನಾಲ್ಕು ಗಂಟೆಯ ಮಾತ್ರೆ ಐದಕ್ಕೆ ಬಂತು ಎಂದು ಗದರಿದರು. ಅವನು ಮಾತ್ರೆ ತರಲು ಒಳಗೆ ಹೋದ. ಹಲ್ಲಣ್ಣ ಪೆಟ್ಟಿಗೆಯಿಂದ ಕಾರು ತೆಗೆದು ಅವರ ಮಡಿಲಲ್ಲಿಟ್ಟ. ಮುದುಕರು ಕನ್ನಡಕ ಏರಿಸಿ ತಮ್ಮ ಕಾರನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಾರಿನ ನೆತ್ತಿಯ ಮೇಲಿನ ಸ್ಕೂಲಿನ ಬೋರ್ಡು ಓದಿದರು. ಮೇಷ್ಟ್ರ ಕಡೆಯ ಬಾಗಿಲು ತೆರೆದು ಬ್ರೇಕನ್ನು ಉಗುರಿನಿಂದ ಮುಟ್ಟಿದರು. ಹಿಂದಿನ ಮೂಲೆಗೆ ಬಂದಾಗ ಅವರ ಬೆರಳು ನಿಂತಿತು. ಹಲ್ಲಣ್ಣ ಬಸ್ಸಿನಲ್ಲಿ ಉರು ಹಾಕಿದ್ದೆಲ್ಲ ಮರೆತು, ಅದು ನಾನು ಮಾಡಿದ್ದು ಅಪ್ಪ, ತಮ್ಮ ಅಲ್ಲ ಎಂದ. ಇಷ್ಟು ಸಣ್ಣ ಮಾತಿಗೆ ಮೂವತ್ತೊಂದು ವರ್ಷ ಹಿಡಿದಿತ್ತು.

"ಗೊತ್ತು," ಎಂದರು ಮೇಷ್ಟ್ರು.

ನೀರಿನ ಲೋಟ ಹಿಡಿದು ಬಂದ ಕಂಡಕ್ಟರ್ ಪರದೆಯ ಹತ್ತಿರ ನಿಂತ.

"ಅವತ್ತು ಗಾಡಿ ಹತ್ತಿದ ತಕ್ಷಣ ನನ್ನ ಮಂಡಿ ಸ್ಟೇರಿಂಗಿಗೆ ತಾಗ್ತು. ನಲವತ್ತು ವರ್ಷ ಕಲ್ಸಿದೀನಿ, ಸೀಟು ನೋಡಿದ್ರೆ ಕೂತೋನು ಯಾರು ಅಂತ ಗೊತ್ತಾಗಲ್ವಾ?" ಮುದುಕರು ಕಾರಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ಅಷ್ಟೊತ್ತಿಗೆ ಅವನಿಗೆ ಹೊಡೆದಾಗಿತ್ತು. ನಿನ್ನನ್ನ ಒಂದು ಮಾತು ಬೈದ್ರೆ ಮೂರು ದಿನ ಜ್ವರ ಹಿಡ್ಕೊಂಡು ಮಲಗ್ತಿದ್ದೆ. ಅವನು ಗಟ್ಟಿ. ತಡ್ಕೊಳ್ತಾನೆ ಅಂತ ಬಿಟ್ಟೆ."

ತನ್ನ ಗುಟ್ಟು ಗುಟ್ಟೇ ಆಗಿರಲಿಲ್ಲ ಎಂಬುದು ಹಲ್ಲಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದಾಗ ಮನೆಯ ಯಜಮಾನ ಪಕ್ಕದಲ್ಲೇ ಕೂತು ನೋಡುತ್ತಿದ್ದ. ಒಂದು ಗಳಿಗೆ ಅವನಿಗೆ ನಿರಾಳವೂ ಆಯಿತು, ಹಾಗಾದರೆ ತಪ್ಪು ಪೂರ್ತಿ ತನ್ನದಲ್ಲ ಎಂದು. ಅಂಥ ಹೊತ್ತಿನಲ್ಲೂ ತನ್ನ ಪಾಲಿಗೆ ಎಷ್ಟು ಅಂಕ ಎಂದು ಲೆಕ್ಕ ಹಾಕಿದ ಮನುಷ್ಯ ಅವನು.

ಕಂಡಕ್ಟರ್ ಬಂದು ಮಾತ್ರೆಯನ್ನು ಅಪ್ಪನ ಅಂಗೈಯಲ್ಲಿಟ್ಟ. ಅವರು ನುಂಗುವವರೆಗೆ ಲೋಟ ಹಿಡಿದುಕೊಂಡೇ ನಿಂತಿದ್ದ.

"ನಾಳೆ ಬೆಳಿಗ್ಗೆ ಅಪ್ಪನ್ನ ನಿಮ್ಮನೆಗೆ ಕರ್ಕೊಂಡು ಬರ್ತೀನಿ," ಎಂದ ಅಣ್ಣನಿಗೆ. "ಆ ಕೋಣೆ ಖಾಲಿ ಮಾಡಿಡು."

ಮೇಷ್ಟ್ರು ತಲೆಯೆತ್ತಿದರು. ಈ ವಯಸ್ಸಿನಲ್ಲಿ ಜಾಗ ಬದಲಾದರೆ ನನಗೆ ನಿದ್ದೆ ಬರುವುದಿಲ್ಲ, ಆ ಮನೆಯಲ್ಲಿ ನನ್ನನ್ನು ನೋಡಿಕೊಳ್ಳಲು ಯಾರಿಗೆ ಬರುತ್ತದೆ ಎಂದು ಏನೇನೋ ಹೇಳಲು ಹೊರಟರು.

"ನೀವೂ ಗಟ್ಟಿ ಅಪ್ಪ," ಎಂದ ಕಂಡಕ್ಟರ್. "ತಡ್ಕೊಳ್ತೀರಿ."

ಹಲ್ಲಣ್ಣ ಬಾಯಿ ತೆರೆದು ಹೆಂಡತಿಯ ಮುಖ ನೋಡಿದ, ಇಪ್ಪತ್ತೇಳು ವರ್ಷದಿಂದ ತನ್ನ ಜ್ವರಕ್ಕೂ ಓವರ್‌ಟೈಮಿಗೂ ಸುಮ್ಮನಿದ್ದವಳು ಇದಕ್ಕೂ ಏನಾದರೂ ದಾರಿ ಹೇಳಿಯಾಳು ಎಂದು. ಅವಳು ಆಗಲೇ ಚೀಲದಿಂದ ಪೆನ್ನು ತೆಗೆದು, ಪ್ರದರ್ಶನದ ಕಾರ್ಡಿನ ಹಿಂಬದಿಯಲ್ಲಿ, ಮಾವನಿಗೆ ಯಾವ ಯಾವ ಹೊತ್ತಿಗೆ ಯಾವ ಮಾತ್ರೆ ಎಂದು ಮೈದುನನನ್ನು ಕೇಳಿ ಬರೆದುಕೊಳ್ಳುತ್ತಿದ್ದಳು.